ಅಡ್ಡ ಕೊಯ್ದ ಸೇಬು

ಕೊಯ್ದಿಟ್ಟ ಸೇಬು ಕಂದುಬಣ್ಣಕ್ಕೆ ತಿರುಗುವಾಗ ಅದರಿಂದ ಒಂದು ವಾಸನೆ ಏಳುತ್ತದೆ, ಒದ್ದೆಯಾದ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಂಥದ್ದು. ಮೊನ್ನೆ ಸಂಜೆ ಮಗಳ ಸ್ಕೂಲ್ ಬ್ಯಾಗಿನ ಜಿಪ್ ಎಳೆದಾಗ ಆ ವಾಸನೆ ಮುಖಕ್ಕೆ ಬಡಿಯಿತು. ಚನ್ನಗಿರಿಯಲ್ಲಿ ಅವಳು ಹೋಗುವ ಶಾಲೆಯಲ್ಲಿ ಅವತ್ತು ಚಿಕ್ಕ ಮಕ್ಕಳಿಗೆ ‘ಆಪಲ್ ಡೇ’. ಕೆಂಪು ಫ್ರಾಕ್ ಹಾಕಿಸಿ, ಕೈಗೊಂದು ಸೇಬು ಕೊಟ್ಟು ಕಳಿಸಿ ಎಂದು ಟೀಚರ್ ಮೊಬೈಲಿಗೆ ಮೆಸೇಜ್ ಹಾಕಿದ್ದರು. ಫ್ರಾಕನ್ನು ನಾನೇ ಹೊಲಿದೆ, ಹೊಲಿಗೆಯೇ ನನ್ನ ಕಸುಬು. ಸೇಬನ್ನು ಮಾತ್ರ ಗಂಡನ ಕೈಲಿ ತರಿಸಿದೆ. ಅಂಗಡಿಯ ಮುಂದೆ ನಿಂತು ಆ ಹಣ್ಣನ್ನು ಕೈಗೆತ್ತಿಕೊಳ್ಳುವುದು ಇವತ್ತಿಗೂ ನನಗೆ ಆಗುವುದಿಲ್ಲ. ಬ್ಯಾಗಿನೊಳಗಿನ ಡಬ್ಬಿಯಲ್ಲಿ ಅರ್ಧ ಸೇಬು ಇತ್ತು, ಅಡ್ಡಕ್ಕೆ ಕೊಯ್ದದ್ದು. ಬೀಜದ ಗೂಡುಗಳು ಸೇರಿ ನಟ್ಟನಡುವೆ ಐದು ಮೂಲೆಯ ಚುಕ್ಕಿ, ಅದರ ಮೇಲೆಲ್ಲ ಕೆಂಪು ಬಣ್ಣ. ತಟ್ಟನೆ ಡಬ್ಬಿ ಮುಚ್ಚಿ, ಯಾರಾದರೂ ಕಂಡರೇನೋ ಎಂದು ಬಾಗಿಲ ಕಡೆ ನೋಡಿದೆ. ನನ್ನದೇ ಮನೆ, ನನ್ನ ಮಗಳದೇ ಡಬ್ಬಿ. ಆದರೂ ನೋಡಿದೆ.

ನಾನು ಹುಟ್ಟಿ ಬೆಳೆದದ್ದು ಸಂತೇಬೆನ್ನೂರಿನಲ್ಲಿ, ಮಂಡಕ್ಕಿ ಭಟ್ಟಿಯಿದ್ದ ಮನೆಯಲ್ಲಿ. ಅಪ್ಪ, ದೊಡ್ಡಪ್ಪ ಕೂಡಿ ನಡೆಸುತ್ತಿದ್ದ ಭಟ್ಟಿ ಅದು. ಬೆಳಕು ಹರಿಯುವ ಮುಂಚೆಯೇ ಒಲೆಗೆ ಭತ್ತದ ಹೊಟ್ಟು ಸುರಿಯುತ್ತಿದ್ದರು. ಮರಳು ಕಾದು ಕೆಂಪಗಾದ ಮೇಲೆ ಉಪ್ಪು ಸವರಿದ ಅಕ್ಕಿ ಅದರೊಳಗೆ ಬಿದ್ದು ಚಟಪಟ ಅರಳುವ ಸದ್ದಿಗೆ ನಾವು ಏಳುತ್ತಿದ್ದೆವು. ನಮ್ಮ ಕೂದಲು, ಹಾಸಿಗೆ, ಹಬ್ಬದ ಬಟ್ಟೆ ಎಲ್ಲಕ್ಕೂ ಹುರಿದ ಅಕ್ಕಿಯ ವಾಸನೆ. ಅದನ್ನು ಈಗ ನೆನೆದರೆ ಹೊಟ್ಟೆಯೊಳಗೆ ಬೆಚ್ಚಗಾಗುತ್ತದೆ. ಆದರೆ ಆ ಮನೆಯ ತುಂಬ ಇದ್ದ ಇನ್ನೊಂದು ಹೊಗೆಯನ್ನೂ ಹೇಳಬೇಕು. ಒಂದೇ ಮನೆ, ಎರಡು ಅಡುಗೆ. ದೊಡ್ಡವ್ವ ಹಾಲು ಕಾಯಿಸುವಾಗ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು, ಅವ್ವನ ಕಣ್ಣು ಬೀಳಬಾರದೆಂದು. ಅವ್ವ ತಲೆ ಬಾಚಿದ ಕೂದಲನ್ನು ಬೆರಳಿಗೆ ಸುತ್ತಿ ಒಲೆಗೇ ಹಾಕುತ್ತಿದ್ದಳು, ಹೊರಗೆ ಬಿಸಾಡಿದರೆ ಯಾರ ಕೈಗೆ ಸಿಗುತ್ತದೋ ಎಂದು. ದೊಡ್ಡವ್ವನಿಗೆ ಹರಕೆ ಹೊತ್ತು ಹುಟ್ಟಿದ ಒಬ್ಬನೇ ಮಗ, ಮಂಜ. ಅವ್ವನಿಗೆ ನಾವಿಬ್ಬರೂ ಹೆಣ್ಣುಮಕ್ಕಳು. ಅನುಮಾನಕ್ಕೆ ಅಷ್ಟು ಸಾಕಾಗಿತ್ತು. ಮಂಜ ಎರಡು ಸಲ ಸೀನಿದರೆ ದೊಡ್ಡವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿ, ಆ ಘಾಟು ನಮ್ಮ ಕಡೆಗೆ ಬರುವಂತೆ ಬಾಗಿಲು ತೆರೆದಿಡುತ್ತಿದ್ದಳು. ಅವ್ವ ಕೆಮ್ಮುತ್ತ, “ಮೆಣಸಿನಕಾಯಿಗೂ ನಮ್ಮ ಮನೆ ದಾರೀನೇ ಗೊತ್ತು ನೋಡು” ಎನ್ನುತ್ತಿದ್ದಳು.

ಆ ಮನೆಯಲ್ಲಿ ಯಾರನ್ನೂ ಅನುಮಾನಿಸದೆ ಬದುಕಿದವಳು ನಮ್ಮಕ್ಕ ಒಬ್ಬಳೇ. ಅವಳು ಪಿಯುಸಿ ಮುಗಿಸಿ ನಮ್ಮ ಬೀದಿಯ ಅಂಗನವಾಡಿಗೆ ಟೀಚರ್ ಆಗಿದ್ದಳು. ನನ್ನ ಓದು ಐದನೇ ಕ್ಲಾಸಿಗೇ ನಿಂತಿತ್ತು. ಕಾದ ಮರಳಿಗೆ ಕೈಯೂರಿ ಬಲಗೈ ಸುಟ್ಟುಕೊಂಡಿದ್ದೆ. ಗಾಯ ಮಾಯುವ ಹೊತ್ತಿಗೆ ಪರೀಕ್ಷೆ ಕಳೆದುಹೋಗಿತ್ತು. ಹೆಬ್ಬೆರಳ ನಡುವೆ ಗೆರೆಗಳೇ ಇಲ್ಲದ, ತಗ್ಗಾದ ನುಣುಪು ಕಲೆಯೊಂದು ಉಳಿಯಿತು. “ಇನ್ನು ಮನೇಲಿರ್ಲಿ ಬಿಡು, ಜರಡಿ ಹಿಡಿಯಾಕೆ ಒಬ್ರು ಬೇಕಲ್ಲ” ಎಂದಳು ಅವ್ವ. ಅಕ್ಕ ಸೀರೆಯುಟ್ಟು, ಕೊಡೆ ಹಿಡಿದು ಹೊರಟಾಗ ಬೀದಿಯ ಹೆಂಗಸರು “ಟೀಚರಮ್ಮ” ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗೆಲ್ಲ ನನ್ನ ಪಾಲನ್ನು ಅವಳೇ ತಿಂದಿದ್ದಾಳೆ ಅನ್ನಿಸುತ್ತಿತ್ತು. ಮಂಜನನ್ನು ಅಂಗನವಾಡಿಗೆ ಬಿಟ್ಟು ಕರೆತರುವುದು ನನ್ನ ಕೆಲಸ. ಬಿಟ್ಟು ಬರುವ ನೆಪದಲ್ಲಿ ಹೊಸ್ತಿಲಲ್ಲೇ ಕೂತು ಪಾಠ ನೋಡುತ್ತಿದ್ದೆ.

ಸಂತೆಯ ಮರುದಿನ ಅಕ್ಕ ಸೆರಗಿನೊಳಗಿಂದ ಒಂದು ಸೇಬು ತೆಗೆದು ಚಾಪೆಯ ನಡುವೆ ಇಟ್ಟಳು. ಗಲಾಟೆಯೆಲ್ಲ ನಿಂತುಹೋಯಿತು. ಕೊನೆಗೆ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು, “ಟೀಚರ್, ಯಾರಿಗೆ ಹುಷಾರಿಲ್ರೀ?”

ಅಕ್ಕ ನಕ್ಕುಬಿಟ್ಟಳು. ನಮ್ಮ ಕಡೆ ಆಗ ಸೇಬು ಅಂದರೆ ಆಸ್ಪತ್ರೆಯ ಹಣ್ಣು. ಯಾರಾದರೂ ಮಂಚ ಹಿಡಿದರೆ ಮಾತ್ರ ಅದು ಮನೆಗೆ ಬರುತ್ತಿತ್ತು. “ಯಾರಿಗೂ ಏನೂ ಆಗಿಲ್ಲ ಕಣೇ. ಇದು ಇವತ್ತು ನಮಗೆ ಪಾಠ ಹೇಳಾಕೆ ಬಂದೈತೆ” ಎಂದಳು. ಒಬ್ಬೊಬ್ಬರ ಕೈಗೂ ಕೊಟ್ಟು ಮೂಸಿಸಿದಳು, ಕೆನ್ನೆಗೆ ಮುಟ್ಟಿಸಿ ತಣ್ಣಗಿದೆಯೋ ಬೆಚ್ಚಗಿದೆಯೋ ಕೇಳಿದಳು. ಕೆಂಪು ಯಾವುದು, ದುಂಡಗೆ ಯಾವುದು ಎಂದು ಕೇಳಿದ್ದಕ್ಕೆ ಮಂಜ “ನಮ್ಮವ್ವನ ಮುಖ” ಎಂದ. ಆಮೇಲೆ ಅಕ್ಕ ಹಣ್ಣನ್ನು ಅಡ್ಡಕ್ಕೆ ಕೊಯ್ದು ಬಿಡಿಸಿದಳು. ಒಳಗೆ ಚುಕ್ಕಿ! ಮಕ್ಕಳು ಬಾಯಿ ಬಿಟ್ಟರು, ಹೊಸ್ತಿಲಲ್ಲಿ ನಾನೂ ಬಿಟ್ಟೆ. ಬಣ್ಣ ಕೊಳ್ಳಲು ಅಂಗನವಾಡಿಯಲ್ಲಿ ಏನಿತ್ತು? ತೆಂಗಿನ ಚಿಪ್ಪಿನಲ್ಲಿ ಕುಂಕುಮ ಕಲಸಿ, ಅರ್ಧ ಹಣ್ಣನ್ನು ಅದರಲ್ಲಿ ಅದ್ದಿ ಹಾಳೆಯ ಮೇಲೆ ಒತ್ತಿಸಿದಳು. ಕೆಂಪು ಸೇಬು, ನಡುವೆ ಬಿಳಿ ಚುಕ್ಕಿ. ಅದರ ಪಕ್ಕಕ್ಕೆ ಹೆಬ್ಬೆರಳು ಒತ್ತಿದರೆ ಎಲೆ. ನನ್ನನ್ನೂ ಕರೆದು ಒತ್ತಿಸಿದಳು. ನಾನು ಒತ್ತಿದ್ದನ್ನು ನೋಡಿ ಏನೋ ಹೇಳಿ ನಕ್ಕಳು, ಮಕ್ಕಳೂ ನಕ್ಕರು. ಏನು ಹೇಳಿದಳೆಂಬುದು ಎಷ್ಟೋ ವರ್ಷ ನನಗೆ ಮರೆತೇಹೋಗಿತ್ತು. ಮಕ್ಕಳೆಲ್ಲ ನಕ್ಕದ್ದು ಮಾತ್ರ ನೆನಪಿತ್ತು.

ಮಧ್ಯಾಹ್ನ ಮಂಜನನ್ನು ಕರೆತರುವಾಗ ಕಿಟಕಿಯ ಮೇಲಿದ್ದ ಆ ಎರಡು ಹೋಳನ್ನೂ ಕುಂಕುಮದ ಚಿಪ್ಪನ್ನೂ ಲಂಗದ ಮರೆಯಲ್ಲಿ ತಂದೆ. ಊಟವಾಗಿ ಭಟ್ಟಿ ತಣ್ಣಗಿತ್ತು, ದೊಡ್ಡವರೆಲ್ಲ ಅಡ್ಡಾಗಿದ್ದರು. ಹಿತ್ತಲಲ್ಲಿ ಖಾಲಿ ಚೀಲಗಳನ್ನು ಮಕ್ಕಳ ಹಾಗೆ ಸಾಲಾಗಿ ಕೂರಿಸಿ ನಾನು ಟೀಚರಾದೆ. ನಮ್ಮ ಕಡೆಯ ಗೋಡೆ ಹೊಗೆ ಹಿಡಿದು ಕಪ್ಪಾಗಿತ್ತು. ದೊಡ್ಡವ್ವನ ಹಿಂಬಾಗಿಲ ಪಕ್ಕದ ಗೋಡೆಗೆ ಹಬ್ಬಕ್ಕೆಂದು ಆಗಷ್ಟೇ ಸುಣ್ಣ ಬಳಿದಿದ್ದರು. ಅದೇ ನನ್ನ ಹಾಳೆ. ಒಂದು ಸೇಬು, ಪಕ್ಕಕ್ಕೆ ಹೆಬ್ಬೆರಳ ಎಲೆ. ಮತ್ತೊಂದು ಸೇಬು, ಮತ್ತೊಂದು ಎಲೆ. “ಸುಮ್ನೆ ಕೂತ್ಕಳ್ರಿ, ಗಲಾಟೆ ಮಾಡಬ್ಯಾಡ್ರಿ” ಎಂದು ಚೀಲಗಳನ್ನು ಗದರಿದೆ. ಅಷ್ಟು ಸುಖವಾದ ಮಧ್ಯಾಹ್ನ ನನ್ನ ಬಾಲ್ಯದಲ್ಲಿ ಇನ್ನೊಂದು ಇರಲಿಲ್ಲ. ಅಷ್ಟರಲ್ಲಿ ಅವ್ವ ಜರಡಿಗೆ ಕರೆದಳು. ಚಿಪ್ಪನ್ನು ಕೈಲಿ ಹಿಡಿದು, ಹೋಳುಗಳನ್ನು ದೊಡ್ಡವ್ವನ ಬಾಗಿಲ ಕಲ್ಲಿನ ಮೇಲೇ ಬಿಟ್ಟು ಓಡಿದೆ.

ಅದೇ ಸಂಜೆ ಮಂಜನಿಗೆ ಜ್ವರ ಏರಿತು.

ಬೆಳಿಗ್ಗೆ ಹಿಂಬಾಗಿಲು ತೆಗೆದ ದೊಡ್ಡವ್ವ ಕೂಗಿದ ಕೂಗು ಬೀದಿಯ ಕೊನೆಗೂ ಕೇಳಿರಬೇಕು. ಕಲ್ಲಿನ ಮೇಲೆ ಕುಂಕುಮ ಮೆತ್ತಿದ ಎರಡು ಹೋಳು, ಇರುವೆ ಮುತ್ತಿವೆ. ಗೋಡೆಯ ತುಂಬ ಕೆಂಪು ಗುರುತು. ಒಳಗೆ ಮಗ ಕೆಂಡದಂತೆ ಸುಡುತ್ತಿದ್ದಾನೆ. ಕುಂಕುಮ ಹಚ್ಚಿ ಹೋಳು ಮಾಡಿದ ನಿಂಬೆಹಣ್ಣು ಬಾಗಿಲಲ್ಲಿ ಕಂಡರೆ ನಮ್ಮಲ್ಲಿ ಯಾರೇ ಆದರೂ ಏನು ತಿಳಿಯುತ್ತಾರೋ ದೊಡ್ಡವ್ವನೂ ಅದನ್ನೇ ತಿಳಿದಳು.

“ನಿಂಬೆಹಣ್ಣು ಸಾಲ್ದು ಅಂತ ಸೇಬಿನಹಣ್ಣು ಕೊಯ್ದೀರೇನ್ರೇ? ನನ್ನ ಮಗ ನಿಮಗೇನು ಮಾಡಿದ್ದ?”

“ಮಾಟ ಮಾಡಾಕೆ ಸೇಬು ತರೋವಷ್ಟು ದುಡ್ಡಿದ್ರೆ ಮೊದ್ಲು ನಾನೇ ತಿಂತಿದ್ದೆ ಕಣಕ್ಕಾ” ಎಂದಳು ಅವ್ವ. ಅವಳಿಗೆ ತನ್ನದೇ ಅನುಮಾನ. ದೊಡ್ಡವ್ವನೇ ಇಟ್ಟು ನಮ್ಮ ಮೇಲೆ ಹಾಕುತ್ತಿದ್ದಾಳೆ ಎಂದು.

ಅಕ್ಕ ತಲೆ ಕಟ್ಟಿಕೊಳ್ಳುತ್ತಿದ್ದವಳು ಹಾಗೇ ಬಂದಳು. “ದೊಡ್ಡವ್ವ, ಇದು ಮಾಟ ಅಲ್ಲ. ಮಕ್ಕಳಿಗೆ ಅಚ್ಚು ಒತ್ತಾಕೆ ನಾನೇ ಕೊಯ್ದಿದ್ದು. ನಿನ್ನೆ ಅಂಗನವಾಡ್ಯಾಗೇ ಇಟ್ಟು ಬಂದಿದ್ದೆ.”

“ಹಂಗಾದ್ರೆ ನನ್ನ ಬಾಗಿಲಿಗೆ ಹೆಂಗೆ ಬಂತು? ಕಾಲು ಮೂಡಿ ನಡ್ಕಂಡು ಬಂತಾ?”

ಅಷ್ಟು ಹೊತ್ತಿಗೆ ಅಕ್ಕಪಕ್ಕದವರು ಬೇಲಿಗೆ ಬಂದಿದ್ದರು. ಅಕ್ಕ ಉತ್ತರ ಕೊಡಲು ಗೋಡೆಯ ಕಡೆ ತಿರುಗಿದಳು, ಬಗ್ಗಿದಳು, ಗುರುತುಗಳನ್ನು ಹತ್ತಿರದಿಂದ ನೋಡಿದಳು. ಆಮೇಲೆ ಅವಳು ಮಾಡಿದ್ದನ್ನು ಊರು ಎಷ್ಟೋ ವರ್ಷ ಆಡಿಕೊಂಡಿತು. ಬಚ್ಚಲ ಕಲ್ಲಿನ ಮೇಲಿದ್ದ ಒದ್ದೆ ಬಟ್ಟೆ ತಂದು ಗೋಡೆಯನ್ನು ಗಸಗಸ ಒರೆಸತೊಡಗಿದಳು. ಸುಣ್ಣ ಕಿತ್ತು, ಕುಂಕುಮ ಹರಡಿ, ಗೋಡೆಯೆಲ್ಲ ಗಾಯದ ಹಾಗಾಯಿತು. “ನೋಡ್ರವ್ವ, ನೋಡ್ರಿ! ಮಾಡ್ದೆ ಇದ್ರೆ ಯಾಕೆ ಒರೆಸ್ತಾಳೆ?” ಎಂದು ದೊಡ್ಡವ್ವ ಬೇಲಿಯವರನ್ನು ಸಾಕ್ಷಿಗೆ ಕರೆದಳು. ಅಕ್ಕ ಒರೆಸುತ್ತಲೇ ಇದ್ದಳು. ಕಂಬದ ಹಿಂದೆ ನಿಂತಿದ್ದ ನನ್ನ ಕಡೆ ಮಾತ್ರ ಒಮ್ಮೆ ನೋಡಿ, “ಹೋಗೇ, ಒಳಗೆ ಹೋಗಿ ಕೈ ತೊಳ್ಕ” ಎಂದಳು.

ನಾನು ಒಳಗೆ ಹೋದೆ. ಕೈ ತೊಳೆದೆ. ನಾನು ಮಾಡಿದ ತಪ್ಪು ಇಷ್ಟೇ, ಓದುವ ನಿಮಗೆ ಸಣ್ಣದೆನ್ನಿಸಬಹುದು. “ನಾನೇ ಆಟ ಆಡಿದ್ದು” ಎಂಬ ಒಂದು ಮಾತನ್ನು ಹೇಳಲಿಲ್ಲ. ಅಪ್ಪನ ಹೊಡೆತಕ್ಕೆ ಹೆದರಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಟೀಚರಮ್ಮನನ್ನು ಊರು ಬೈಯುತ್ತಿದ್ದುದನ್ನು ಕೇಳಲು ನನ್ನೊಳಗೆ ಯಾರಿಗೋ ಹಿತವಾಗಿತ್ತು.

ಮಂಜನ ಜ್ವರ ಬೇಗನೆ ಇಳಿಯಿತು, ಮಾತು ಇಳಿಯಲಿಲ್ಲ. ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡರು. ಕಾಯಿಲೆಯ ಹಣ್ಣು ತಂದು ಮಕ್ಕಳ ಮೈಗೆಲ್ಲ ಮುಟ್ಟಿಸಿದಳಂತೆ ಎಂದು ಬಾವಿಯ ಹತ್ತಿರ ಮಾತಾಡಿಕೊಂಡರು. ಅಕ್ಕ ಖಾಲಿ ಚಾಪೆ ಹಾಸಿಕೊಂಡು ಕೂತಿರುವುದನ್ನು ನಾನು ಬೀದಿಯಿಂದ ನೋಡಿದೆ. ಗೋಡೆಗೆ ಮಕ್ಕಳ ಸೇಬುಗಳನ್ನು ಅಂಟಿಸಿದ್ದಳು, ಅವುಗಳನ್ನೇ ನೋಡುತ್ತಿದ್ದಳು. ಕೊನೆಗೆ ಅಪ್ಪ ಕೆಲಸ ಬಿಡಿಸಿದ. ಈ ಮಾತು ಮುಟ್ಟದಷ್ಟು ದೂರ ಇರಲಿ ಎಂದು ಜಗಳೂರಿಗೆ ಕೊಟ್ಟರು. ಅಲ್ಲಿ ಅವಳು ಮತ್ತೆ ಪಾಠ ಹೇಳಲಿಲ್ಲ. ಹಿತ್ತಲಿನ ನಡುವೆ ಗೋಡೆ ಎದ್ದಿತು. ಅಣ್ಣತಮ್ಮಂದಿರ ಪಾಲಾಗಿ ಭಟ್ಟಿ ಆರಿತು. ಈಗ ಆ ಜಾಗದಲ್ಲಿ ಮಳಿಗೆಗಳಿವೆ. ಹುರಿದ ಅಕ್ಕಿಯ ವಾಸನೆ ಎಲ್ಲಿ ಹೋಯಿತೆಂದು ಕೇಳಲು ಅವ್ವನೂ ಇಲ್ಲ, ದೊಡ್ಡವ್ವನೂ ಇಲ್ಲ.

ಆ ಮನೆಯಿಂದ ನನ್ನ ಜೊತೆ ಬಂದದ್ದು ಅನುಮಾನ ಒಂದೇ. ಅವತ್ತು ಅಕ್ಕ ಕೈ ತೊಳೆದುಕೋ ಎಂದಳಲ್ಲ, ಮಾಟ ಇದ್ದ ಕಡೆ ಮಕ್ಕಳಿಗೆ ಎಲ್ಲರೂ ಹೇಳುವ ಮಾತೇ, ಅಥವಾ ನಾನೇ ಎಂದು ಅವಳಿಗೆ ಗೊತ್ತಿತ್ತೇ? ಅಕ್ಕ ಪ್ರೀತಿ ತೋರಿಸಿದಾಗೆಲ್ಲ ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ನನ್ನ ಬಾಣಂತನಕ್ಕೆ ಬಂದವಳು ಸೇಬು ತಂದಿದ್ದಳು. ಆಸ್ಪತ್ರೆಗೆ ಎಲ್ಲರೂ ತರುವುದೇ ಸೇಬು. ಆದರೂ ಇವಳು ಯಾಕೆ ತಂದಳು, ಏನನ್ನು ನೆನಪಿಸಲು ತಂದಳು ಎಂದು ನಾನು ಮಗ್ಗುಲು ಬದಲಾಯಿಸಿದೆ. ಅವಳು ಕಾಯಿಲೆ ಬಿದ್ದಾಗ ಜಗಳೂರಿಗೆ ಹೋದೆ, ಬೇಕೆಂದೇ ಮೂಸಂಬಿ ತೆಗೆದುಕೊಂಡು. ಅವಳ ತಲೆದೆಸೆಯಲ್ಲಿ ಯಾರೋ ತಂದಿಟ್ಟ ಸೇಬುಗಳಿದ್ದವು. “ಒಂದು ಕೊಯ್ಯೇ” ಎಂದಳು. ಚಾಕು ಹಿಡಿದಾಗ ಮೆಲ್ಲಗೆ, “ಅಡ್ಡಕೆ ಕೊಯ್ಯೇ. ಚುಕ್ಕಿ ನೋಡಾಣ” ಎಂದಳು.  ನನ್ನ ಬಾಯಿ ಬಿಡಿಸುತ್ತಿದ್ದಾಳೆ ಅನ್ನಿಸಿತು. “ನಂಗೆ ಹಿಂಗೇ ರೂಢಿ ಕಣಕ್ಕ” ಎಂದು ಉದ್ದಕ್ಕೆ ಸೀಳಿ, ನಡುವಿನದನ್ನು ಕೆತ್ತಿ ತೆಗೆದು ಕೊಟ್ಟೆ. ಅವಳು ಒಂದು ಚೂರು ಬಾಯಿಗಿಟ್ಟುಕೊಂಡು, “ಸಿಹಿ ಐತೆ” ಎಂದಳು. ಮತ್ತೆ ನಾನು ಅವಳನ್ನು ಕಂಡದ್ದು ಮಣ್ಣಿಗೆ ಹೋದಾಗ.

ಮೊನ್ನೆ ಡಬ್ಬಿ ಮುಚ್ಚಿಟ್ಟು ಬ್ಯಾಗಿನೊಳಗಿನ ಹಾಳೆ ತೆಗೆದೆ. ಕೆಂಪು ಸೇಬು, ಬಿಳಿ ಚುಕ್ಕಿ, ಪಕ್ಕದಲ್ಲಿ ಹಸಿರು ಹೆಬ್ಬೆರಳ ಎಲೆ. ಮಗಳು ಬಣ್ಣದ ಬಾಟಲಿ ತಂದು, “ನೀನೂ ಒತ್ತವ್ವ” ಎಂದು ದುಂಬಾಲು ಬಿದ್ದಳು. ಡಬ್ಬಿಯ ಹೋಳನ್ನು ತಾನೇ ಅದ್ದಿ ಒತ್ತಿ, ನನ್ನ ಬಲಗೈ ಎಳೆದು ಹೆಬ್ಬೆರಳಿಗೆ ಬಣ್ಣ ಹಚ್ಚಿ ಹಾಳೆಗೆ ಊರಿಸಿದಳು. ಆಮೇಲೆ ಬಗ್ಗಿ ನೋಡಿ ಕಿಲಕಿಲ ನಕ್ಕಳು. “ಅವ್ವಾ, ನಿನ್ನ ಎಲೇಲಿ ತೂತೈತೆ!”

ಆಗ ಬಂತು ಆ ಮರೆತ ಮಾತು, ಅಕ್ಕನ ದನಿಯಲ್ಲೇ, ಅಂಗನವಾಡಿಯ ಮಕ್ಕಳ ನಗುವಿನ ಜೊತೆಗೇ. “ನಿನ್ನ ಎಲೆಗೆ ಹುಳ ಬಿದ್ದೈತಲ್ಲೇ!” ಸುಟ್ಟ ಕಲೆಯ ಜಾಗದಲ್ಲಿ ಬಣ್ಣ ಹಿಡಿಯದೆ ಉಳಿದ ತೂತು. ದೊಡ್ಡವ್ವನ ಬಿಳಿ ಗೋಡೆಯ ಮೇಲೆ ಒಂದೊಂದು ಸೇಬಿನ ಪಕ್ಕಕ್ಕೂ ನಾನು ಒತ್ತಿದ್ದೆನಲ್ಲ, ಹುಳ ತಿಂದ ಆ ಎಲೆಯನ್ನು. ಅಕ್ಕ ಬಗ್ಗಿ ನೋಡಿದ್ದು ಅದನ್ನೇ. ಬೇರೆ ಯಾರೂ ಅಷ್ಟು ಹತ್ತಿರ ಬಂದು ನೋಡುವ ಮೊದಲು ಒರೆಸಿದಳು.

ಹಾಳೆ ಇನ್ನೂ ಮೇಜಿನ ಮೇಲಿದೆ. ಬಣ್ಣ ಒಣಗಿದೆ, ತೂತು ಹಾಗೇ ಇದೆ. ಒರೆಸುವವರು ಯಾರೂ ಇಲ್ಲ.