ಸಲಿಕೆಯ ಲೆಕ್ಕ, ರಘಣ್ಣನ ಎದೆ

2006ರ ಫೆಬ್ರವರಿ 5, ಭಾನುವಾರ, ಬೆಳಿಗ್ಗೆ 7.40. ಸ್ವೀಡನ್ನಿನ ಸೊಲ್ಲೆಂಟುನಾದ ನಮ್ಮ ಮನೆಯ ಮುಂದೆ ಮೊಣಕಾಲುದ್ದ ಹಿಮ. ತೆಗೆಯುವವರು ಇಬ್ಬರು, ಸಲಿಕೆ ಒಂದೇ.

ಒಬ್ಬಳು ನಾನು, ಇನ್ನೊಬ್ಬರು ಮನೆಯ ಯಜಮಾನ ರಘಣ್ಣ. ಅವರ ಮಹಡಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಅವರ ವಯಸ್ಸು ನಲವತ್ತೆಂಟು, ಕೆಲಸ ಟೆಲಿಕಾಂ, ವ್ಯಾಯಾಮ ಸೊನ್ನೆ. ಅಂದು ಹನ್ನೊಂದಕ್ಕೆ ಸತ್ಯನಾರಾಯಣ ಪೂಜೆ, ಹದಿನೇಳು ಜನ ಬರುವವರಿದ್ದರು (ಮಕ್ಕಳನ್ನು ಬಿಟ್ಟು). ಪೂಜೆಗೆ ಕೂರುವವರಾದ್ದರಿಂದ ರಘಣ್ಣ ಹಿಂದಿನ ಸಂಜೆಯಿಂದ ಉಪವಾಸ. ಸುಡುವ ನೀರಿನಲ್ಲಿ ತಲೆಗೆ ಸ್ನಾನ ಮಾಡಿ ನೇರ ಮೈನಸ್ ಹನ್ನೆರಡಕ್ಕೆ ಇಳಿದಿದ್ದರು.

ಸರದಿಗೆ ಐವತ್ತು ಸಲಿಕೆ. ಎಣಿಸಿ, ಗಂಟೆ ಸಮೇತ ಗುರುತು ಹಾಕಿಕೊಳ್ಳುವವಳು ನಾನು. (ಬಸ್ಸು ಎಷ್ಟು ನಿಮಿಷ ತಡವಾಯಿತೆಂದು ಡೈರಿಯಲ್ಲಿ ಬರೆಯುವವಳು ಇದನ್ನು ಬಿಡುತ್ತೇನೆಯೇ?)

ರಘಣ್ಣನ ಮೊದಲ ಸರದಿ ಐವತ್ತು. ಎರಡನೆಯದು ಮೂವತ್ತೊಂದಕ್ಕೇ ನಿಂತಿತು. ಮೂರನೆಯದು ಹದಿನಾಲ್ಕು. ಪ್ರತಿ ಸಲವೂ ಎದೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂರುವುದು, ಎರಡು ನಿಮಿಷಕ್ಕೆ "ಈಗ ಆರಾಮ್" ಎಂದು ಏಳುವುದು. ನಾಲ್ಕನೆಯದು ಆರು.

"ಏನಮ್ಮ ಗುಮಾಸ್ತೆ, ಐವತ್ತಾಯ್ತಾ?" ಎಂದರು. ಮುಖ ಬೆವೆತಿತ್ತು. ಆ ಚಳಿಯಲ್ಲಿ!

ಕೈಹಿಡಿದು ಒಳಗೆ ಕರೆತಂದೆ. ಅವರ ಹೆಂಡತಿ ಸುಮಕ್ಕ ಪ್ರಸಾದಕ್ಕೆ ರವೆ ಹುರಿಯುತ್ತಿದ್ದರು.

"ಖಾಲಿ ಹೊಟ್ಟೆ ಅಲ್ವಾ, ಗ್ಯಾಸ್ ಆಗಿರತ್ತೆ. ಜೀರಿಗೆ ಕಷಾಯ ಕೊಡ್ತೀನಿ ಇರಿ."

"ಕಷಾಯ ಕುಡಿದ್ರೆ ಉಪವಾಸ ಮುರಿಯಲ್ವೇನೇ?" ಎಂದರು ರಘಣ್ಣ, ಎದೆ ಹಿಡಿದುಕೊಂಡೇ.

ನಾನು ಡೈರಿ ಚಾಚಿದೆ. "ಸುಮಕ್ಕ, ಇಲ್ನೋಡಿ. ಐವತ್ತು, ಮೂವತ್ತೊಂದು, ಹದಿನಾಲ್ಕು, ಆರು. ಸಲಿಕೆ ಹಿಡಿದ್ರೆ ಬರತ್ತೆ, ಕೂತ್ರೆ ಹೋಗತ್ತೆ. ಇದು ಯಾವ ಸೀಮೆ ಗ್ಯಾಸು?"

"ಮನೆ ಮುಂದೆ ಆಂಬುಲೆನ್ಸ್ ನಿಂತ್ರೆ ಬಂದವ್ರು ಏನಂದ್ಕೋತಾರೆ? ಪೂಜೆ ಒಂದು ಮುಗೀಲಿ," ಎಂದರು ರಘಣ್ಣ.

ಸುಮಕ್ಕ ಒಲೆ ಆರಿಸಿದರು. "ಪೂಜೆಗೆ ಕೂರೋಕೆ ನೀವಿರಬೇಕಲ್ರೀ!"

112ಕ್ಕೆ ಅವರೇ ಫೋನ್ ಮಾಡಿದರು. ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಾ ಕಲಿತ ಸ್ವೀಡಿಷ್. ಒಂದು ಪದವೂ ತೊದಲಲಿಲ್ಲ. ನಾನು ಹೊರಗೋಡಿ ಸ್ಟ್ರೆಚರ್ ಬರುವಷ್ಟು ದಾರಿ ಬಿಡಿಸಿದೆ. (ಅರವತ್ತೆರಡು ಸಲಿಕೆ. ಆಗಲೂ ಎಣಿಸಿದೆ, ಏನು ಮಾಡಲಿ?)

ಹಾರ್ಟ್ ಅಟ್ಯಾಕೇ. ಮುಚ್ಚಿದ್ದ ರಕ್ತನಾಳವನ್ನು ಅಂದೇ ತೆರೆದು ಸ್ಟೆಂಟ್ ಹಾಕಿದರು. ನೋವು ಶುರುವಾಗಿದ್ದು ಯಾವಾಗ ಎಂದು ಡಾಕ್ಟರು ಕೇಳಿದಾಗ ಸುಮಕ್ಕ ನನ್ನ ಡೈರಿಯನ್ನೇ ಮುಂದೆ ಹಿಡಿದರು. ಚಳಿಗೆ ರಕ್ತನಾಳ ಬಿಗಿಯುತ್ತದೆ, ಹಿಮದ ಭಾರ ಎತ್ತಿದರೆ ಹೃದಯದ ಕೆಲಸ ಒಮ್ಮೆಲೇ ಏರುತ್ತದೆ, ಅಭ್ಯಾಸವಿಲ್ಲದವರಿಗೆ ಇದು ಅಪಾಯ ಎಂದರು ಡಾಕ್ಟರು. ಆಮೇಲೆ ಡೈರಿಯ ಆ ಪುಟವನ್ನು ಇನ್ನೊಮ್ಮೆ ನೋಡಿ, "ಒಳ್ಳೆಯ ರೆಕಾರ್ಡ್" ಎಂದರು. ನನ್ನ ಡೈರಿಗೆ ಸಿಕ್ಕ ಮೊದಲ ವಿಮರ್ಶೆ!

ಹದಿಮೂರನೆಯ ದಿನ ಪೂಜೆ ನಡೆಯಿತು. ಯಜಮಾನರು ಬೆಳಿಗ್ಗೆಯೇ ಎರಡು ಇಡ್ಲಿ ತಿಂದು ಕೂತರು, ಪುರೋಹಿತರ ಒಪ್ಪಿಗೆಯೊಂದಿಗೆ. ಹದಿನೇಳು ಜನ ಇಪ್ಪತ್ತಮೂರಾಗಿದ್ದರು. ಹಿಮ ತೆಗೆದವರು ನಾನು, ಸುಮಕ್ಕ. ಕಿಟಕಿಯೊಳಗಿಂದ ಎಣಿಸಿದವರು ರಘಣ್ಣ. (ಎರಡು ಕಡೆ ತಪ್ಪಿದರು.)

ಹಿಮಕ್ಕೂ ಹೃದಯಕ್ಕೂ ಇರುವ ಈ ನಂಟಿನ ಬಗ್ಗೆ ನನಗಿಂತ ಹೆಚ್ಚು ತಿಳಿದವರು, ಮುಖ್ಯವಾಗಿ ಡಾಕ್ಟರು, ನರ್ಸ್‌ಗಳು ದಯವಿಟ್ಟು ಬರೆಯಿರಿ. ಜೊತೆಗೆ ಇದನ್ನೂ ತಿಳಿಸಿ: ಎದೆ ಹಿಡಿದುಕೊಂಡವರನ್ನು ಕಂಡಾಗ ನಮ್ಮ ಬಾಯಿಗೆ ಮೊದಲು ಬರುವುದು ಗ್ಯಾಸೇ ಯಾಕೆ?