ಮರಾಠಿ ನನಗೆ ತಿಳಿಯುತ್ತಿತ್ತು

ಕಸ್ತೂರಿ, ಆ ಹೆಂಗಸು ನಿನ್ನನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಬಸ್ಸು ಹತ್ತಿಸಿದೆ.

ಎಂಬತ್ತರ ದಶಕದ ನಡುವಿನ ಮಾತು. ನಿಪ್ಪಾಣಿಯ ಒಂದು ವಖಾರಿಯಲ್ಲಿ, ಅಂದರೆ ತಂಬಾಕಿನ ಗೋದಾಮಿನಲ್ಲಿ, ನಾವಿಬ್ಬರೂ ಜರಡಿ ಹಿಡಿಯುತ್ತಿದ್ದೆವು. ನಿನಗೆ ಹದಿನಾರು, ನನಗೆ ಹದಿನೆಂಟು. ನೀನು ಮುಗಳಖೋಡದವಳು, ಮರಾಠಿ ಬರುತ್ತಿರಲಿಲ್ಲ. ಭೋಜದಲ್ಲಿ ಬೆಳೆದ ನನಗೆ ಅದು ಮನೆಯ ಮಾತಿನಷ್ಟೇ ಸಲೀಸು.

ಪುಣೆಯಲ್ಲಿ ಕೂಸು ಆಡಿಸುವ ಕೆಲಸವಿದೆ, ಇಬ್ಬರೂ ಬನ್ನಿ ಎಂದು ವಖಾರಿಯ ಬಾಗಿಲಿಗೆ ಬಂದ ಆ ಹೆಂಗಸು ಹರಕು ಕನ್ನಡದಲ್ಲಿ ಕರೆದಾಗ ಮೊದಲು ಹೂಂ ಎಂದವಳು ನಾನೇ. ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ನೀನು ನೀರು ಕುಡಿಯಲು ಹೋಗಿದ್ದೆ. ನನಗೂ ಮರಾಠಿ ಬಾರದೆಂದುಕೊಂಡು ಅವಳು ಜೊತೆಗಿದ್ದ ಗಂಡಸಿಗೆ ಹೇಳಿದಳು — ಮನೆಗೆಲಸವೆಂದು ನಂಬಿಸಿದ್ದೇನೆ, ಮೈ ಮಾರುವ ಧಂದೆಗೆಂದು ಅಲ್ಲಿ ಮುಟ್ಟಿದ ಮೇಲೆ ತಿಳಿಯಲಿ. ಯಾವ ಪೇಠೆ, ಯಾವ ಓಣಿ — ಅದನ್ನೂ ಹೇಳಿದಳು.

ನೀನು ತಿರುಗಿ ಬಂದೆ. ಹೊಟ್ಟೆನೋವೆಂದು ಸುಳ್ಳು ಹೇಳಿ ಗಂಟು ಎತ್ತಿಕೊಂಡೆ. ನೀನು ನನ್ನ ಕೈ ಹಿಡಿದೆ.

"ನೀ ಬರದಿದ್ರ ನಾನೂ ಒಲ್ಲೆ, ಅಕ್ಕಾ."

"ನೀ ಹೋಗ ಬೇ. ನಾ ನಾಡಿದ್ದ ಬರ್ತೀನಿ."

ಇಷ್ಟೇ. ಕೂಗಬಹುದಿತ್ತು — ಸ್ಟ್ಯಾಂಡಿನ ತುಂಬ ಜನರಿದ್ದರು. ಆದರೆ ಇಬ್ಬರೂ ಉಳಿದರೆ ಅವಳು ನನ್ನ ಬೆನ್ನು ಬಿಡುವುದಿಲ್ಲ, ಒಬ್ಬಳಾದರೂ ಸಿಕ್ಕರೆ ನನ್ನನ್ನು ಮರೆಯುತ್ತಾಳೆ — ಹೌದು, ಹೀಗೆಯೇ ಯೋಚಿಸಿದೆ.

ತಿಂಗಳಾದ ಮೇಲೆ ನಿನ್ನವ್ವ ವಖಾರಿಗೆ ಬಂದಳು. "ಯಾರ ಜೋಡಿ ಹೋಗ್ಯಾಳವಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಹತ್ತು ವರ್ಷ ಹಾಗೆಯೇ ಬದುಕಿದೆ. ಆಮೇಲೆ ವಖಾರಿಯ ಹೆಂಗಸರು ಸಂಘ ಕಟ್ಟಿದರು. ಕೆಲಸದ ಆಸೆ ತೋರಿಸಿ ಹುಡುಗಿಯರನ್ನು ಮಾರುವವರ ಬಗ್ಗೆ ಓಣಿ ಓಣಿಯಲ್ಲಿ ಹೇಳತೊಡಗಿದರು. ಒಂದು ಸಭೆಯಲ್ಲಿ ನಾನು ಎದ್ದು ನಿಂತೆ. ಎಲ್ಲ ಹೇಳಿದೆ, ಪೇಠೆಯ ಹೆಸರನ್ನೂ. ಸಂಘದವರು ಪೊಲೀಸರೊಂದಿಗೆ ಪುಣೆಗೆ ಹೋದರು, ನಾನೂ ಹೋದೆ. ರಾಯಬಾಗ ಕಡೆಯ ಇಬ್ಬರು ಹುಡುಗಿಯರು ಸಿಕ್ಕರು. ನೀನು — ಸಿಗಲಿಲ್ಲ.

ಮುಗಳಖೋಡಕ್ಕೆ ಹೋಗಿ ನಿನ್ನವ್ವನ ಮುಂದೆ ಕುಳಿತೆ. ಆಡಿಗೆ ಸೊಪ್ಪು ಹಾಕುತ್ತಲೇ ಕೇಳಿಸಿಕೊಂಡಳು. ಬೈಯಲಿಲ್ಲ.

"ಹೋಗೂ ಮುಂದ ಅಳತಿದ್ಲೇನ?"

"ಇಲ್ರೀ. ಬಸ್ಸಿನ ಕಿಡಕ್ಯಾಗಿಂದ ಕೈ ಬೀಸಿದ್ಲು."

ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಬಹಳ ಹೊತ್ತು ಕುಳಿತಿದ್ದು ಎದ್ದು ಬಂದೆ.

ಈಗ ಸಂಘದವರೊಂದಿಗೆ ಊರೂರು ತಿರುಗುತ್ತೇನೆ. ಚಿಕ್ಕೋಡಿ, ಅಥಣಿ, ಕಾಗವಾಡ — ಹುಡುಗಿಯರು ಕೆಲಸಕ್ಕೆ ಕೂಡುವಲ್ಲೆಲ್ಲ ನಿಂತು ಈ ಸಂಗತಿ ಹೇಳುತ್ತೇನೆ. ನಿನ್ನ ಹೆಸರು ಹೇಳುವುದಿಲ್ಲ. ನನ್ನ ಹೆಸರು ಹೇಳುತ್ತೇನೆ.