ಮಲ್ಲೇಶಿಯ ಬಲಗಣ್ಣು

ಜಮಖಂಡಿಯಲ್ಲಿ ನಾನು ಸ್ವಂತ ಕೆಲಸದ ಕೋಣೆ ತೆರೆದ ಆರನೆಯ ವರ್ಷದಲ್ಲಿ ನಡೆದದ್ದು ಇದು. ನನ್ನ ವೃತ್ತಿಗೆ ಆಕ್ಯುಲರಿಸ್ಟ್ ಎಂದು ಹೆಸರು. ಅಪಘಾತದಲ್ಲೋ ರೋಗದಲ್ಲೋ ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿ ಕೂಡಿಸುವುದು ಈ ಕೆಲಸ. ಆ ಕಣ್ಣಿಗೆ ದೃಷ್ಟಿ ಇರುವುದಿಲ್ಲ. ಎದುರಿಗೆ ಕೂತವರಿಗೆ ಅದು ಕೃತಕವೆಂದು ತಿಳಿಯದಿದ್ದರೆ ನಾನು ಕೆಲಸ ಸರಿಯಾಗಿ ಮಾಡಿದ್ದೇನೆಂದು ಅರ್ಥ.

ನಾನು ಮುಧೋಳದವಳು. ತಂದೆ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಚಿಕ್ಕಂದಿನಿಂದ ನನಗೆ ಮುಖ ಬರೆಯುವ ಹುಚ್ಚು. ಕಿರಾಣಿ ಅಂಗಡಿಯ ಕಾಕಾ, ಹಾಲು ತರುವ ಅಜ್ಜಿ, ಬಸ್ಸಿನಲ್ಲಿ ಎದುರು ಕೂತವರು, ಯಾರನ್ನೂ ಬಿಡುತ್ತಿರಲಿಲ್ಲ. ಚಿತ್ರಕಲೆಯಲ್ಲಿ ಡಿಪ್ಲೊಮಾ ಮಾಡುತ್ತೇನೆಂದಾಗ ತಂದೆ, "ಮಾಡವ್ವಾ. ಆದ್ರ ನೌಕರಿ ಸಿಗದಿದ್ರ ನನ್ನ ಮುಂದ ಬಂದು ಕೂಡಬ್ಯಾಡ" ಎಂದಿದ್ದರು. ಡ್ರಾಯಿಂಗ್ ಶಿಕ್ಷಕಿಯ ನೌಕರಿ ಸಿಗಲಿಲ್ಲ. ನಾನು ಹೋಗಿ ಕೂಡಲೂ ಇಲ್ಲ. ಮೂರು ವರ್ಷ ಮದುವೆ ಮಂಟಪದ ಪರದೆ, ಶಾಲೆಯ ಗೋಡೆ, ಅಂಗಡಿಯ ಬೋರ್ಡು ಬರೆದೆ.

ಜಮಖಂಡಿಯ ಕಣ್ಣಿನ ಡಾಕ್ಟರೊಬ್ಬರು ತಮ್ಮ ಆಸ್ಪತ್ರೆಯ ಗೋಡೆಗೆ ಚಿತ್ರ ಬರೆಯಲು ನನ್ನನ್ನು ಕರೆಸಿದರು. ನಾನು ಬರೆದ ಮುಖದ ಮುಂದೆ ಬಹಳ ಹೊತ್ತು ನಿಂತು, "ಗ್ವಾಡಿ ಮ್ಯಾಲೆ ಇಷ್ಟು ಛಲೋ ಕಣ್ಣ ಬರೀತಿ. ಖರೆ ಮನಷ್ಯಾನ ಮುಖದಾಗ ಒಂದು ಬರದ ಕೊಡ್ತೇನು?" ಎಂದು ಕೇಳಿದರು. ತಮಾಷೆ ಎಂದುಕೊಂಡೆ. ಅವರೇ ಹೈದರಾಬಾದಿಗೆ ತರಬೇತಿಗೆ ಕಳಿಸಿದರು. ತಿರುಗಿ ಬಂದು ಅವರ ಆಸ್ಪತ್ರೆಯ ಎದುರಿಗೇ ಕೋಣೆ ಹಿಡಿದೆ. ಐದು ವರ್ಷಗಳಲ್ಲಿ ವಿಜಯಪುರ, ಬೆಳಗಾವಿ ಕಡೆಯಿಂದಲೂ ಜನ ಹುಡುಕಿಕೊಂಡು ಬರತೊಡಗಿದರು. ತಂದೆ ಒಮ್ಮೆ ಬಂದವರು ಟ್ರೇಯಲ್ಲಿ ಸಾಲಾಗಿಟ್ಟಿದ್ದ ಕಣ್ಣುಗಳನ್ನು ನೋಡಿ, ಚಹಾ ಕುಡಿದು ಹೋದರು. ಮುಂದಿನ ವಾರ ತಮ್ಮ ಕಾರ್ಖಾನೆಯ ಗೆಳೆಯರೊಬ್ಬರನ್ನು ಪೇಷಂಟ್ ಆಗಿ ಕರೆತಂದರು.

ಕೃತಕ ಕಣ್ಣೆಂದರೆ ಗೋಲಿಯಂಥದ್ದು ಎಂದು ಬಹಳ ಜನರ ಕಲ್ಪನೆ. ಅದು ಚಿಪ್ಪಿನ ಆಕಾರದ್ದು. ಮೊದಲು ಕಣ್ಣಿನ ಗುಳಿಯ ಅಚ್ಚು ತೆಗೆಯುತ್ತೇವೆ. ಅದರಿಂದ ಮೇಣದ ಮಾದರಿ, ಮೇಣದಿಂದ ಬಿಳಿ ಅಕ್ರಿಲಿಕ್. ಹಲ್ಲಿನ ಸೆಟ್ಟಿಗೆ ಬಳಸುವುದೂ ಇದೇ ಜಾತಿಯ ವಸ್ತು. ಕರಿಗುಡ್ಡೆಯ ಸುತ್ತ ಇರುವ ಬಣ್ಣದ ವರ್ತುಲಕ್ಕೆ ಐರಿಸ್ ಎನ್ನುತ್ತಾರೆ. ಅದನ್ನು ಹನ್ನೊಂದೂವರೆ ಮಿಲಿಮೀಟರ್ ಅಗಲದ ಬಿಲ್ಲೆಯ ಮೇಲೆ ಪದರು ಪದರಾಗಿ ಬರೆಯಬೇಕು. ರಕ್ತನಾಳಗಳಿಗೆ ಕೆಂಪು ದಾರದ ಎಳೆ ಬಿಡಿಸಿ ಅಂಟಿಸುತ್ತೇವೆ. ಮೇಲೆ ಪಾರದರ್ಶಕ ಅಕ್ರಿಲಿಕ್ ಹೊದಿಸಿ, ಬಿಸಿ ನೀರಿನಲ್ಲಿ ಗಟ್ಟಿ ಮಾಡಿ ಪಾಲಿಶ್ ಮಾಡಿದರೆ ಮುಗಿಯಿತು. ಬಣ್ಣ ಹೊಂದಿಸುವುದು ಹಗಲ ಬೆಳಕಿನಲ್ಲೇ ಆಗಬೇಕು.

ಆ ವರ್ಷ ಬೇಸಿಗೆಗೆ ಮುಂಚೆ ನಮ್ಮ ಮನೆಯವರು ತೀರಿಕೊಂಡರು. ಅವರು ಬೀಳಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನಿತ್ಯ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಒಂದು ಬೆಳಿಗ್ಗೆ ಬೀಳಗಿ ನಿಲ್ದಾಣದಲ್ಲಿ ಇಳಿದು ಬೆಂಚಿನ ಮೇಲೆ ಕೂತವರು ಏಳಲಿಲ್ಲ. ವಯಸ್ಸು ನಲವತ್ತೊಂದು. ನಮಗೆ ಮಕ್ಕಳಿಲ್ಲ. ಹದಿನಾಲ್ಕನೆಯ ದಿನ ನಾನು ಕೋಣೆಯ ಬಾಗಿಲು ತೆರೆದೆ. "ಗಟ್ಟಿ ಹೆಣಮಗಳು" ಎಂದು ಜನ ಮಾತಾಡಿಕೊಂಡರು. ನಾನು ಗಟ್ಟಿ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟರೆ ತುಟಿ ಹೇಗಾಗುತ್ತದೋ ಮೈಯೆಲ್ಲ ಹಾಗಿತ್ತು. ಅಳು ಬರಲಿಲ್ಲ, ಹಸಿವೆಯೂ ಆಗುತ್ತಿರಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಅವರು ತೀರಿಕೊಂಡ ಮೂರನೆಯ ವಾರದಲ್ಲಿ ಬನಹಟ್ಟಿಯಿಂದ ಮಲ್ಲೇಶಿ ಮತ್ತು ಅವನ ಹೆಂಡತಿ ಸುನಂದಾ ಬಂದರು. ಮಲ್ಲೇಶಿ ಪವರ್‌ಲೂಮ್ ಕಾರ್ಮಿಕ, ಮೂವತ್ತರ ಆಸುಪಾಸಿನವನು. ಕಪ್ಪು ಕನ್ನಡಕ ತೆಗೆಯದೆ ಕೂತ.

"ಲಾಳಿ ಹಾರಿ ಬಡೀತ್ರಿ. ಐದು ತಿಂಗಳಾತು" ಎಂದ. ಮಗ್ಗದಲ್ಲಿ ಅಡ್ಡ ಎಳೆಯನ್ನು ಒಯ್ಯುವ ಲಾಳಿ ವೇಗದಲ್ಲಿ ಹೊರಗೆ ಹಾರಿದರೆ ಅದರ ಲೋಹದ ತುದಿ ಏನು ಮಾಡಬಲ್ಲದೆಂದು ಆ ಊರಿನವರಿಗೆ ಹೇಳಬೇಕಾಗಿಲ್ಲ. ಬಲಗಣ್ಣನ್ನು ಪೂರ್ತಿ ತೆಗೆಯಬೇಕಾಗಿ ಬಂದಿತ್ತು.

"ನಮ್ಮ ಹುಡುಗಿ ನಾಕು ವರ್ಷದಾಕಿ. ಇವರ ಹತ್ರ ಬರಾಂಗಿಲ್ರಿ" ಎಂದಳು ಸುನಂದಾ. "ಇವರು ಒಳಗ ಬಂದ್ರ ಆಕಿ ಚೀರಿ ಹೊರಗ ಓಡತಾಳು. ಆಕಿ ಅಂಗನವಾಡಿಗೆ ಹೋದ ಮ್ಯಾಲೆ ಇವರು ಮನಿಗೆ ಬಂದು ಊಟಾ ಮಾಡತಾರು."

ಮಲ್ಲೇಶಿ ನೆಲ ನೋಡುತ್ತ, "ಕೆಲಸಕ್ಕ ಒಂದು ಕಣ್ಣು ಸಾಕ್ರಿ ಅಕ್ಕಾರ. ಆಕಿ ಸಲುವಾಗಿ ಬಂದೇನಿ" ಎಂದ.

ಸುನಂದಾ ಇನ್ನೂ ಏನೇನೋ ಹೇಳಿದಳು. ನಾನು ಹೂಂ ಎನ್ನುತ್ತ ಕೇಸ್ ಶೀಟ್ ತುಂಬಿದೆ. ನಾಲ್ಕು ಭೇಟಿಗಳಲ್ಲಿ ಕಣ್ಣು ತಯಾರಾಯಿತು. ಅವನ ಎಡಗಣ್ಣನ್ನು ಮುಂದಿಟ್ಟುಕೊಂಡು ಗೆರೆಗೆ ಗೆರೆ ಹೊಂದಿಸಿದ್ದೆ. ಡಾಕ್ಟರು ಟಾರ್ಚು ಹಿಡಿದು ನೋಡಿ, "ಇದರಾಗ ಖರೇದ್ದು ಯಾವದು?" ಎಂದರು. ಅಷ್ಟು ವರ್ಷದ ನನ್ನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಸಿಕ್ಕಿರಲಿಲ್ಲ. ನನಗೆ ಏನೂ ಅನಿಸಲಿಲ್ಲ. ಬ್ರಶ್ ತೊಳೆದಿಟ್ಟೆ.

ನಾಲ್ಕು ದಿನ ಬಿಟ್ಟು ಅವರು ಮತ್ತೆ ಬಂದರು. ಈ ಸಲ ಸುನಂದಾಳ ಸೊಂಟದ ಮೇಲೆ ಮಗು ಇತ್ತು, ಹೆಸರು ಲಕ್ಷ್ಮಿ. ಮಲ್ಲೇಶಿ ಬಾಗಿಲಿನ ಹೊರಗೇ ನಿಂತಿದ್ದ.

"ಇನ್ನೂ ಬರವಲ್ಲಳ್ರಿ. ಅಂಜಾಂಗಿಲ್ಲ ಈಗ. ಖರೆ, ಯಾರೋ ಬಂದಾರನ್ನೋಹಂಗ ಸುಮ್ನ ನಿಂತು ನೋಡತಾಳು" ಎಂದಳು ಸುನಂದಾ.

ಕಣ್ಣಿನಲ್ಲಿ ತಪ್ಪಿಲ್ಲ, ರೂಢಿಯಾಗಲು ದಿನ ಹಿಡಿಯುತ್ತದೆ ಎಂದು ಹೇಳಿ ಕಳಿಸುವುದರಲ್ಲಿದ್ದೆ. ಸುಮ್ಮನೆ ಕೇಳಬೇಕೆಂದು ಮಗುವನ್ನು ಕೇಳಿದೆ. "ಯಾಕವ್ವಾ, ಅಪ್ಪನ ಹತ್ರ ಹೋಗಾಂಗಿಲ್ಲ?"

ಅದು ತಾಯಿಯ ಹೆಗಲಿನಲ್ಲಿ ಮುಖವಿಟ್ಟು, "ಅಪ್ಪ ಅಲ್ಲ. ಅಪ್ಪನ ಕಣ್ಣಾಗ ಇರುವಿ ಐತಿ" ಎಂದಿತು.

ನನಗೆ ಅರ್ಥವಾಗಲಿಲ್ಲ. ಸುನಂದಾ ಮೆಲ್ಲಗೆ ಹೇಳಿದಳು. "ಮೊದಲನೇ ದಿನಾನ ಹೇಳಿದ್ನೆಲ್ರಿ ಅಕ್ಕಾರ. ಇವರ ಬಲಗಣ್ಣಿನ ಬಿಳಿಯಾಗ ಹುಟ್ಟಿದಾಗಿಂದ ಸಣ್ಣ ಕಂದು ಮಚ್ಚಿ ಇತ್ತು. ಇಕಿ ಅದಕ್ಕ ಇರುವಿ ಅಂತಿದ್ಲು. ದಿನಾ ತೊಡಿ ಮ್ಯಾಲೆ ಕುಂತು ಉಫ್ ಉಫ್ ಅಂತ ಊದತಿದ್ಲು."

ಕೇಸ್ ಶೀಟ್ ತೆಗೆದು ನೋಡಿದೆ. 'ವಿಶೇಷ ಗುರುತುಗಳು' ಎಂಬಲ್ಲಿ ನನ್ನದೇ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಿತ್ತು. ಅವಳು ಹೇಳಿದ್ದಳು. ನಾನು ಹೂಂ ಎಂದಿದ್ದೆ. ಹೂಂ ಎನ್ನುತ್ತಲೇ 'ಇಲ್ಲ' ಎಂದು ಬರೆದಿದ್ದೆ. ಕಳೆದ ಮೂರು ವಾರಗಳಲ್ಲಿ ತುಂಬಿದ ಉಳಿದ ಶೀಟುಗಳಲ್ಲಿ ಏನೇನು ಬಿಟ್ಟಿದ್ದೇನೋ ಎಂದುಕೊಂಡೆ.

"ತಪ್ಪು ನಂದೈತಿ. ನೀವು ಹೇಳಿದ್ರಿ, ನಾ ಬರಕೊಳ್ಳಲಿಲ್ಲ" ಎಂದೆ.

ಹೊರಗಿನಿಂದ ಮಲ್ಲೇಶಿ, "ಇರಲಿ ಬಿಡ್ರಿ ಅಕ್ಕಾರ. ನಿಮ್ಮ ಮನ್ಯಾಗ ಏನಾಗೈತಿ ಅಂತ ನಮಗೂ ಗೊತ್ತೈತಿ" ಎಂದ. ನಾನು ಅವರ ಫೋನು ಕೇಳಿದೆ. ಅದರಲ್ಲಿದ್ದ ಹಳೆಯ ಫೋಟೊಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಒಂದರಲ್ಲಿ ಮಚ್ಚೆ ಸ್ಪಷ್ಟವಾಗಿತ್ತು. ಐರಿಸಿನ ಹೊರ ಅಂಚಿನಿಂದ ಸುಮಾರು ಮೂರು ಮಿಲಿಮೀಟರ್ ದೂರ, ಕಪ್ಪು ಬೆಲ್ಲದ ಬಣ್ಣ, ಒಂದು ಬದಿ ತುಸು ಮೊನೆಯಾಗಿತ್ತು. ಆದರೂ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಇರುವೆ ಎಲ್ಲಿತ್ತೆಂದು ಕೇಳಿದೆ. ದೊಡ್ಡ ಸೊನ್ನೆ ಬರೆದು, ಅದರ ಒಂದು ಅಂಚಿನಲ್ಲಿ ಆರು ಕಾಲಿನ ಇರುವೆ ಬರೆಯಿತು. ಫೋಟೊದಲ್ಲಿದ್ದ ಬದಿಯಲ್ಲೇ ಬರೆದಿತ್ತು.

ಅವರನ್ನು ಕೂರಿಸಿಕೊಂಡೇ ಕೆಲಸ ಮಾಡಿದೆ. ಮೇಲಿನ ಪಾರದರ್ಶಕ ಪದರನ್ನು ಉಜ್ಜಿ ತೆಗೆದು, ಮಚ್ಚೆ ಬರೆದು, ಮತ್ತೆ ಪದರು ಹೊದಿಸಿ ಗಟ್ಟಿ ಮಾಡಿ ಪಾಲಿಶ್ ಮಾಡುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು. ಕಣ್ಣು ಕೂಡಿಸಿ ಮಲ್ಲೇಶಿಯನ್ನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿದೆ.

ಮಗು ಓಡಿಹೋಗಿ ಅಪ್ಪಿಕೊಳ್ಳಲಿಲ್ಲ. ತಾಯಿಯ ಸೊಂಟದಿಂದ ಇಳಿದು, ಸೀರೆಯ ಅಂಚು ಹಿಡಿದು ನಿಂತಿತು. ಆಮೇಲೆ ಅಂಚು ಬಿಟ್ಟು ಎರಡು ಹೆಜ್ಜೆ ಬಂತು. ಮಲ್ಲೇಶಿ ಎರಡೂ ಕೈಯಿಂದ ತನ್ನ ಮೊಣಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಕೈ ಚಾಚಿದರೆ ಎಲ್ಲಿ ಹೆದರುತ್ತಾಳೋ ಎಂದಿರಬೇಕು. ಮಗು ಮುಖ ಮುಂದೆ ಮಾಡಿ ಒಮ್ಮೆ ಊದಿತು. ಕಾದು ನೋಡಿತು.

"ಹೋಗಲಿಲ್ಲ" ಎಂದಿತು.

"ಹೋಗಾಂಗಿಲ್ಲವ್ವಾ ಅದು" ಎಂದ ಮಲ್ಲೇಶಿ.

ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ನಾನು ನೋಡುತ್ತ ನಿಂತಿದ್ದೆ. ಇಂಥ ಹೊತ್ತಿನಲ್ಲಿ ನನಗೂ ಅಳು ಬರಬೇಕಿತ್ತೆಂದು ಗೊತ್ತಿತ್ತು. ಬರಲಿಲ್ಲ. ಅವರು ಹೋದ ಮೇಲೆ ಮೂರು ವಾರದ ಪೇಷಂಟುಗಳಿಗೆಲ್ಲ ಒಬ್ಬೊಬ್ಬರಾಗಿ ಫೋನು ಹಚ್ಚಿ, ಮೊದಲ ದಿನ ಏನು ಹೇಳಿದ್ದಿರಿ, ಮತ್ತೆ ಹೇಳಿ ಎಂದು ಕೇಳಿ ಬರೆದುಕೊಂಡೆ. ಇಬ್ಬರ ಕಣ್ಣುಗಳನ್ನು ತಿರುಗಿ ಮಾಡಬೇಕಾಯಿತು.

ಹದಿನೈದು ದಿನಕ್ಕೆ ಸುನಂದಾ ಫೋನು ಮಾಡಿ, ಮಗಳು ಈಗ ಅಪ್ಪನ ತಾಟಿನಲ್ಲೇ ಉಣ್ಣುತ್ತಾಳೆಂದು ತಿಳಿಸಿದಳು. ನನ್ನ ಮರಗಟ್ಟಿದ ಸ್ಥಿತಿ ಮಾತ್ರ ಇನ್ನೂ ಬಹಳ ತಿಂಗಳು ಹಾಗೇ ಇತ್ತು. ಯಾವಾಗ ಬಿಟ್ಟು ಹೋಯಿತೆಂದು ನನಗೆ ಸರಿಯಾಗಿ ನೆನಪಿಲ್ಲ.

ಮುಖ ಬರೆಯುವ ಹುಚ್ಚು ನನ್ನನ್ನು ಈ ವೃತ್ತಿಗೆ ತಂದಿತು. ಕೈ ಪಳಗಿದರೆ ಸಾಕು, ಮನಸ್ಸು ಎಲ್ಲಿದ್ದರೂ ನಡೆಯುತ್ತದೆ ಎಂದು ಆ ದಿನಗಳಲ್ಲಿ ನಂಬಿದ್ದೆ. ಕೈ ನಿಜಕ್ಕೂ ತಪ್ಪಿರಲಿಲ್ಲ, ತಪ್ಪಿದ್ದು ಕಿವಿ. ಅಂದಿನಿಂದ ಮೊದಲ ಭೇಟಿಯಲ್ಲಿ ನಾನು ಅಳತೆ ತೆಗೆಯುವುದಿಲ್ಲ, ಬಣ್ಣದ ಪೆಟ್ಟಿಗೆಯನ್ನೂ ತೆರೆಯುವುದಿಲ್ಲ. "ನಿಮ್ಮ ಮುಖ ದಿನಾ ಹತ್ತರದಿಂದ ನೋಡಾವ್ರು ಯಾರು? ಅವರನ್ನ ಕರಕೊಂಡ ಬರ್ರಿ" ಎನ್ನುತ್ತೇನೆ. ಕೆಲವರು ಕೂಡಲೇ ಹೆಸರು ಹೇಳುತ್ತಾರೆ. ಕೆಲವರು ಸುಮ್ಮನೆ ಕೂಡುತ್ತಾರೆ. ಅಂಥವರನ್ನು ನಾನು ಅವಸರಪಡಿಸುವುದಿಲ್ಲ. ಆ ವರ್ಷ ಯಾರಾದರೂ ನನ್ನನ್ನೇ ಹಾಗೆ ಕೇಳಿದ್ದರೆ ನಾನೂ ಬಹಳ ಹೊತ್ತು ಸುಮ್ಮನೆ ಕೂಡುತ್ತಿದ್ದೆ.